ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಎಳನೀರು ಒಳ್ಳೆಯದೇ? ನೀರು, ಉಪ್ಪು, ಊಟದ ಲೆಕ್ಕ ಇಲ್ಲಿದೆ

ಬೇಸಿಗೆ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಿಡ್ನಿಯ ಬಗ್ಗೆ ಕೆಲವು ಸಂದೇಶಗಳು ತಪ್ಪದೆ ಬರುತ್ತವೆ. ದಿನಕ್ಕೆ ಮೂರು ಲೀಟರ್ ನೀರು ಕುಡಿದರೆ ಕಿಡ್ನಿ ಶುದ್ಧವಾಗುತ್ತದೆ ಎನ್ನುತ್ತದೆ ಒಂದು. ಬಾಳೆದಿಂಡಿನ ರಸ ಕುಡಿಯಿರಿ ಎನ್ನುತ್ತದೆ ಇನ್ನೊಂದು. ಕೊತ್ತಂಬರಿ ಸೊಪ್ಪು ಕುದಿಸಿದ ನೀರು, ದಿನಕ್ಕೊಂದು ಎಳನೀರು, ಸಾದಾ ಉಪ್ಪಿನ ಬದಲು ಸೈಂಧವ ಲವಣ, ಮೊಟ್ಟೆ ಮತ್ತು ಬೇಳೆ ಪೂರ್ತಿ ಬಂದ್ ಎಂದು ಪಟ್ಟಿ ಬೆಳೆಯುತ್ತದೆ. ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಕಿಡ್ನಿ ತೊಂದರೆ ಇರುವ ಎಲ್ಲರಿಗೂ ಕಳುಹಿಸಿ.

ಹಾಗೆ ಕಳುಹಿಸಿದ್ದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಮನೆಗೂ ತಲುಪುತ್ತದೆ. ಅವರ ಮಟ್ಟಿಗೆ ಈ ಪಟ್ಟಿಯಲ್ಲಿರುವ ಸಲಹೆಗಳಲ್ಲಿ ಒಂದೂ ಸರಿಯಲ್ಲ. ಕೆಲವು ಜೀವಕ್ಕೇ ಅಪಾಯ. ನೋಡಲು ಬಂದ ನೆಂಟರು ಪ್ರೀತಿಯಿಂದ ತಂದ ಎರಡು ಎಳನೀರು ರೋಗಿಯನ್ನು ಅದೇ ರಾತ್ರಿ ತುರ್ತು ಚಿಕಿತ್ಸಾ ಘಟಕಕ್ಕೆ ಸೇರಿಸಬಹುದು. ಹೀಗೇಕೆ ಮತ್ತು ಹಾಗಾದರೆ ಏನು ತಿನ್ನಬೇಕು, ಎಷ್ಟು ಕುಡಿಯಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಗೊಂದಲದ ಮೂಲ ಎಲ್ಲಿದೆ?

'ಕಿಡ್ನಿ ಪ್ರಾಬ್ಲಂ' ಎಂಬ ಒಂದೇ ಮಾತಿನಲ್ಲಿ ನಾವು ಕನಿಷ್ಠ ಮೂರು ಬೇರೆ ಬೇರೆ ಸ್ಥಿತಿಗಳನ್ನು ಸೇರಿಸಿಬಿಡುತ್ತೇವೆ.

ಮೊದಲನೆಯದು ಕಿಡ್ನಿಯಲ್ಲಿ ಕಲ್ಲು. ಇಲ್ಲಿ ಕಿಡ್ನಿ ಸಾಮಾನ್ಯವಾಗಿ ಕೆಲಸ ಮಾಡುತ್ತಿರುತ್ತದೆ. ಹೆಚ್ಚು ನೀರು ಕುಡಿದರೆ ಮೂತ್ರ ತೆಳುವಾಗಿ ಹೊಸ ಕಲ್ಲು ಕಟ್ಟುವ ಸಾಧ್ಯತೆ ಕಡಿಮೆಯಾಗುತ್ತದೆ. ಹಾಗಾಗಿ ನೀರು ಕುಡಿಯಿರಿ ಎಂಬ ಸಲಹೆ ಇವರಿಗೆ ಸರಿ.

ಎರಡನೆಯದು ಕಿಡ್ನಿಯ ಶಕ್ತಿ ನಿಧಾನವಾಗಿ ಕುಗ್ಗುತ್ತಿರುವ, ಆದರೆ ಡಯಾಲಿಸಿಸ್ ಇನ್ನೂ ಬೇಕಾಗದ ಹಂತ. ಇಲ್ಲಿ ಉಳಿದ ಕಿಡ್ನಿಗೆ ಹೊರೆ ಕಡಿಮೆ ಮಾಡಲು ವೈದ್ಯರು ಪ್ರೋಟೀನ್ ತಗ್ಗಿಸಲು ಹೇಳುವುದುಂಟು. ಸಾಮಾನ್ಯವಾಗಿ ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.6ರಿಂದ 0.8 ಗ್ರಾಂ.

ಮೂರನೆಯದು ಡಯಾಲಿಸಿಸ್. ಇಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ನೀರು ಕಡಿಮೆ ಮಾಡಬೇಕು, ಪ್ರೋಟೀನ್ ಹೆಚ್ಚಿಸಬೇಕು. ಕಲ್ಲಿನವರಿಗೆ ಬರೆದ ನೀರಿನ ಸಲಹೆ ಮತ್ತು ಎರಡನೇ ಹಂತದವರಿಗೆ ಬರೆದ ಪಥ್ಯ ಇವರಿಗೆ ಬಂದರೆ ಎರಡೂ ಕಡೆಯಿಂದ ಪೆಟ್ಟು. ಫಾರ್ವರ್ಡ್‌ಗಳಲ್ಲಿ ಆಗುವುದು ಇದೇ.

ಯಂತ್ರಕ್ಕೆ 12 ಗಂಟೆ, ಉಳಿದ 156 ಗಂಟೆ?

ಆರೋಗ್ಯವಂತರ ಎರಡು ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ದೇಹಕ್ಕೇ ವಾಪಸ್ ಕೊಟ್ಟು, ಒಂದೂವರೆ ಲೀಟರ್‌ನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಈ ಕೆಲಸಕ್ಕೆ ಹಗಲು ರಾತ್ರಿ ಎಂಬುದಿಲ್ಲ. ನಿನ್ನೆ ಮದುವೆ ಮನೆಯಲ್ಲಿ ಉಪ್ಪಿನಕಾಯಿ ಹೆಚ್ಚು ತಿಂದಿದ್ದರೆ ಇಂದು ಹೆಚ್ಚು ಉಪ್ಪು ಹೊರಗೆ ಹೋಗುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ.

ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಶುದ್ಧ ಮಾಡುವ ಹಿಮೋಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ನಡೆಯುತ್ತದೆ. ಅಂದರೆ ವಾರದ 168 ಗಂಟೆಗಳಲ್ಲಿ 12 ಗಂಟೆ. ನಮ್ಮಲ್ಲಿ ದುಡ್ಡು, ದೂರ ಅಥವಾ ಯಂತ್ರದ ಪಾಳಿಯ ಕಾರಣಕ್ಕೆ ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರೂ ಬಹಳ ಮಂದಿ. ಅವರಿಗೆ 8 ಗಂಟೆ. ಉಳಿದಷ್ಟೂ ಹೊತ್ತು ಕುಡಿದ ನೀರು, ತಿಂದ ಉಪ್ಪು, ಪೊಟ್ಯಾಸಿಯಂ ಎಲ್ಲವೂ ದೇಹದಲ್ಲೇ ಜಮೆಯಾಗುತ್ತಿರುತ್ತವೆ.

ಈ ಜಮೆ ಎಷ್ಟು ಗಂಭೀರ ಎಂಬುದಕ್ಕೆ ಒಂದು ಉದಾಹರಣೆ ಸಾಕು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸುವವರಿಗೆ ಎರಡು ಬಾರಿ ಒಂದು ದಿನದ ಬಿಡುವು, ಒಂದು ಬಾರಿ ಎರಡು ದಿನದ ಬಿಡುವು ಸಿಗುತ್ತದೆ. ಆ ಎರಡು ದಿನದ ಬಿಡುವು ಮುಗಿಯುವ ಹೊತ್ತಿಗೆ ಸಾವು ಮತ್ತು ಹೃದಯದ ತೊಂದರೆಗಳು ವಾರದ ಉಳಿದ ದಿನಗಳಿಗಿಂತ ಹೆಚ್ಚು ಎಂದು ಅಮೆರಿಕದ ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2011ರಲ್ಲಿ ತೋರಿಸಿತು. ಆದ್ದರಿಂದ ಯಂತ್ರದಿಂದ ಯಂತ್ರಕ್ಕೆ ನಡುವಿನ ಕೆಲಸವನ್ನು ಮನೆಯ ಅಡುಗೆಮನೆಯೇ ನಿಭಾಯಿಸಬೇಕು.

ನೀರು ಎಷ್ಟು ಕುಡಿಯಬಹುದು?

ಸಾಮಾನ್ಯವಾಗಿ ಹೇಳುವ ಲೆಕ್ಕ ಸರಳ. ಹಿಂದಿನ ದಿನ 24 ಗಂಟೆಯಲ್ಲಿ ಎಷ್ಟು ಮೂತ್ರ ಬಂದಿದೆಯೋ ಅಷ್ಟು, ಜೊತೆಗೆ ಸುಮಾರು 500 ಮಿ.ಲೀ. ಈ 500 ಮಿ.ಲೀ. ಬೆವರು ಮತ್ತು ಉಸಿರಿನಲ್ಲಿ ಹೋಗುವ ನೀರಿಗೆ ಸರಿದೂಗಲು. ಮೂತ್ರ ಪೂರ್ತಿ ನಿಂತವರಿಗೆ ಇದು ತುಂಬಾ ಕಡಿಮೆಯಾಗಿ ಕಾಣುತ್ತದೆ. ಇನ್ನೂ ಚೆನ್ನಾಗಿ ಮೂತ್ರ ಹೋಗುತ್ತಿರುವವರಿಗೆ ಹೆಚ್ಚು ಸ್ವಾತಂತ್ರ್ಯವಿದೆ. ಹಾಗಾಗಿ ಪಕ್ಕದ ಬೆಡ್ಡಿನವರ ಲೆಕ್ಕ ನಿಮಗೆ ಹೊಂದುವುದಿಲ್ಲ. ನಿಮ್ಮ ಅಳತೆಯನ್ನು ನಿಮ್ಮ ಕಿಡ್ನಿ ತಜ್ಞರೇ ಹೇಳಬೇಕು.

ದಿನಕ್ಕೆ 300 ಮಿ.ಲೀ. ಮೂತ್ರ ಬರುವ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರ ಪಾಲು 800 ಮಿ.ಲೀ. ಅದನ್ನು ಹೀಗೆ ಹಂಚಬಹುದು:

- ಬೆಳಗಿನ ಕಾಫಿ: 100 ಮಿ.ಲೀ.
- ಮಾತ್ರೆ ನುಂಗಲು: 50 ಮಿ.ಲೀ.
- ಮಧ್ಯಾಹ್ನದ ಸಾರು: 150 ಮಿ.ಲೀ.
- ಊಟದ ಜೊತೆ ನೀರು: 100 ಮಿ.ಲೀ.
- ಮಜ್ಜಿಗೆ: 100 ಮಿ.ಲೀ.
- ಸಂಜೆಯ ಟೀ: 100 ಮಿ.ಲೀ.
- ರಾತ್ರಿಯ ಸಾರು: 100 ಮಿ.ಲೀ.
- ಮಲಗುವ ತನಕ ನೀರು: 100 ಮಿ.ಲೀ.

ಗಮನಿಸಿ, ಇದರಲ್ಲಿ ನೀರು ಎಂದು ಕುಡಿದದ್ದು 250 ಮಿ.ಲೀ. ಮಾತ್ರ. 'ನಾನು ನೀರೇ ಕುಡಿಯಲ್ಲ, ಆದರೂ ತೂಕ ಏರುತ್ತದೆ' ಎನ್ನುವವರ ಮನೆಯಲ್ಲಿ ಬಹಳ ಸಲ ಸಿಗುವ ಉತ್ತರ ಇದೇ. ಸಾರು, ಮಜ್ಜಿಗೆ, ಗಂಜಿ, ಅಂಬಲಿ, ಪಾಯಸ, ಐಸ್‌ಕ್ರೀಂ ಎಲ್ಲವೂ ನೀರಿನ ಲೆಕ್ಕಕ್ಕೇ ಸೇರುತ್ತವೆ. ಕಲ್ಲಂಗಡಿಯಂಥ ಹಣ್ಣಿನಲ್ಲಿ ಬಹುಪಾಲು ನೀರೇ.

ತೂಕದ ಯಂತ್ರ ಏನು ಹೇಳುತ್ತದೆ?

ದೇಹದಲ್ಲಿ ಹೆಚ್ಚುವರಿ ನೀರು ಇಲ್ಲದಾಗಿನ ತೂಕಕ್ಕೆ ಡಯಾಲಿಸಿಸ್ ಕೇಂದ್ರಗಳಲ್ಲಿ 'ಡ್ರೈ ವೇಟ್' ಎನ್ನುತ್ತಾರೆ. ಎರಡು ಡಯಾಲಿಸಿಸ್‌ಗಳ ನಡುವೆ ಏರಿದ ತೂಕ ಹೆಚ್ಚುಕಡಿಮೆ ಪೂರ್ತಿ ನೀರಿನದೇ. 1 ಕೆ.ಜಿ. ಏರಿದರೆ 1 ಲೀಟರ್ ನೀರು ನಿಂತಿದೆ ಎಂದರ್ಥ. ಈ ಏರಿಕೆ ಡ್ರೈ ವೇಟ್‌ನ ಶೇ 4ರಿಂದ 4.5 ಮೀರಬಾರದು ಎಂಬುದು ಸಾಮಾನ್ಯ ಗುರಿ. 60 ಕೆ.ಜಿ. ತೂಕದವರಿಗೆ ಅದು ಸುಮಾರು ಎರಡೂವರೆ ಕೆ.ಜಿ.

ಐದು ಲೀಟರ್ ನಿಂತರೂ ಯಂತ್ರ ತೆಗೆಯುತ್ತದಲ್ಲ ಎಂದು ಕೇಳಬಹುದು. ತೊಂದರೆ ಇರುವುದು ತೆಗೆಯುವ ವೇಗದಲ್ಲಿ. ಯಂತ್ರ ನೀರನ್ನು ತೆಗೆಯುವುದು ರಕ್ತನಾಳದೊಳಗಿಂದ. ಕಾಲು, ಹೊಟ್ಟೆ, ಶ್ವಾಸಕೋಶಗಳಲ್ಲಿ ನಿಂತ ನೀರು ರಕ್ತನಾಳಕ್ಕೆ ಬಂದು ಸೇರಲು ಸಮಯ ಬೇಕು. ಗಂಟೆಗೆ ಪ್ರತಿ ಕೆ.ಜಿ. ತೂಕಕ್ಕೆ 13 ಮಿ.ಲೀ.ಗಿಂತ ಹೆಚ್ಚು ವೇಗದಲ್ಲಿ ನೀರು ತೆಗೆದಾಗ ಸಾವಿನ ಅಪಾಯ ಹೆಚ್ಚು ಎಂದು ಅಧ್ಯಯನಗಳು ಕಂಡುಕೊಂಡಿವೆ. 60 ಕೆ.ಜಿ.ಯವರಿಗೆ ಈ ಮಿತಿಯೊಳಗೆ ನಾಲ್ಕು ಗಂಟೆಯಲ್ಲಿ ತೆಗೆಯಬಹುದಾದದ್ದು ಮೂರು ಲೀಟರ್ ಚಿಲ್ಲರೆ. ಅದಕ್ಕಿಂತ ಅವಸರ ಮಾಡಿದರೆ ಬಿಪಿ ಕುಸಿಯುತ್ತದೆ, ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ, ವಾಂತಿ ಬರುತ್ತದೆ, ಹೃದಯಕ್ಕೆ ರಕ್ತ ಸಾಲದೆ ಅದು ದಣಿಯುತ್ತದೆ. ಡಯಾಲಿಸಿಸ್ ಮುಗಿಸಿ ಬಂದವರು ಇಡೀ ದಿನ ಏಳಲಾಗದೆ ಮಲಗುವುದಕ್ಕೆ ಇದೂ ಒಂದು ಕಾರಣ.

ಬಾಯಾರಿಕೆಯ ಬೇರು ಉಪ್ಪಿನಲ್ಲಿದೆ

ನೀರು ಕುಡಿಯಬೇಡ ಎಂದು ಮನೆಯವರು ಗದರುತ್ತಾರೆ, ರೋಗಿ ಕದ್ದು ಕುಡಿಯುತ್ತಾರೆ. ಎಷ್ಟೋ ಮನೆಗಳಲ್ಲಿ ಇದು ದಿನನಿತ್ಯದ ಜಗಳ. ಆದರೆ ಉಪ್ಪು ಕಡಿಮೆ ಮಾಡದೆ ನೀರು ಮಾತ್ರ ಕಡಿಮೆ ಮಾಡುವುದು ಯಾರಿಂದಲೂ ಆಗದ ಕೆಲಸ.

ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಬಾಟಲಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಇರುತ್ತದೆ. ರಕ್ತದ ಹದಕ್ಕೆ ಹೊಂದುವ ಪ್ರಮಾಣ ಅದು. ಕಿಡ್ನಿ ಕೆಲಸ ಮಾಡದವರ ದೇಹಕ್ಕೆ 9 ಗ್ರಾಂ ಉಪ್ಪು ಹೋಗಿ ಉಳಿದರೆ, ಆ ಹದ ಕಾಪಾಡಲು ಮೆದುಳು ಸುಮಾರು ಒಂದು ಲೀಟರ್ ನೀರು ಕೇಳುತ್ತದೆ. ಆ ಬಾಯಾರಿಕೆಯನ್ನು ಮನಸ್ಸಿನ ಬಲದಿಂದ ತಡೆಯಲಾಗದು. ಒಂದು ಟೀ ಚಮಚ ಉಪ್ಪು ಐದಾರು ಗ್ರಾಂ ತೂಗುತ್ತದೆ. ದಿನದ ಒಟ್ಟು ಉಪ್ಪು 5 ಗ್ರಾಂ ಒಳಗೇ ಇರಲಿ ಎಂಬುದು ಸಾಮಾನ್ಯ ಸಲಹೆ.

ನಮ್ಮ ಅಡುಗೆಯಲ್ಲಿ ಉಪ್ಪು ಅಡಗಿರುವ ಜಾಗಗಳು: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಒಣಮೀನು, ಬೇಕರಿ ತಿನಿಸು, ಚಿಪ್ಸ್, ನೂಡಲ್ಸ್ ಪ್ಯಾಕೆಟ್‌ನ ಮಸಾಲೆ. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಅನ್ನಕ್ಕೆ, ಮುದ್ದೆಗೆ, ಚಪಾತಿ ಹಿಟ್ಟಿಗೆ ಉಪ್ಪು ಹಾಕುವುದನ್ನು ನಿಲ್ಲಿಸಿ, ಪಲ್ಯ ಸಾರಿಗೆ ಮಾತ್ರ ಅಳೆದು ಹಾಕಿದರೆ ಮೊದಲ ವಾರ ಸಪ್ಪೆ ಅನಿಸುತ್ತದೆ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ನಿಂಬೆಹಣ್ಣು, ಮೆಣಸು, ಜೀರಿಗೆ, ಶುಂಠಿ, ಇಂಗು, ಬೆಳ್ಳುಳ್ಳಿ ಒಗ್ಗರಣೆ ರುಚಿಯ ಕೊರತೆಯನ್ನು ಬಹಳಮಟ್ಟಿಗೆ ತುಂಬುತ್ತವೆ.

ಮಧುಮೇಹ ಇರುವವರಲ್ಲಿ ರಕ್ತದ ಸಕ್ಕರೆ ಏರಿದರೂ ಬಾಯಾರಿಕೆ ಹೆಚ್ಚುತ್ತದೆ. ಸಕ್ಕರೆ ಹತೋಟಿಗೆ ಬಂದರೆ ನೀರಿನ ಹಂಬಲವೂ ತಗ್ಗುತ್ತದೆ.

ಬಾಯಿ ಒಣಗಿದಾಗ ಏನು ಮಾಡಬಹುದು? ದಿನದ ಪಾಲನ್ನು ಬೆಳಗ್ಗೆಯೇ ಒಂದು ಬಾಟಲಿಗೆ ತುಂಬಿಟ್ಟುಕೊಳ್ಳಿ. ಕಾಫಿ, ಸಾರು ಸೇವಿಸಿದಾಗ ಅಷ್ಟು ನೀರನ್ನು ಬಾಟಲಿಯಿಂದ ತೆಗೆದುಬಿಡಿ. ದೊಡ್ಡ ಲೋಟದ ಬದಲು ಚಿಕ್ಕ ಲೋಟ ಬಳಸಿ. ಬಾಯಿ ಮುಕ್ಕಳಿಸಿ ಉಗುಳಿ. ಏಲಕ್ಕಿ, ಲವಂಗ ಅಥವಾ ನಿಂಬೆಯ ಸಣ್ಣ ಚೂರು ಬಾಯಲ್ಲಿಟ್ಟುಕೊಳ್ಳಿ. ಐಸ್ ತುಂಡು ಚೀಪಿದರೂ ಸಮಾಧಾನ ಸಿಗುತ್ತದೆ, ಆದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಳನೀರಿನ ಅಪಾಯ: ಪೊಟ್ಯಾಸಿಯಂ

ಹೆಚ್ಚು ನೀರು ಸೇರಿದರೆ ಊತ, ಏದುಸಿರು ಎಂದು ದೇಹ ಮುನ್ಸೂಚನೆ ಕೊಡುತ್ತದೆ. ಪೊಟ್ಯಾಸಿಯಂ ಹಾಗಲ್ಲ. ಯಾವ ಲಕ್ಷಣವೂ ಇಲ್ಲದೆ ಏರಿ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರುತ್ತದೆ. 6 ದಾಟಿದರೆ ಅಪಾಯದ ವಲಯ.

100 ಮಿ.ಲೀ. ಎಳನೀರಿನಲ್ಲಿ ಸುಮಾರು 200ರಿಂದ 250 ಮಿ.ಗ್ರಾಂ. ಪೊಟ್ಯಾಸಿಯಂ ಇದೆ. 300 ಮಿ.ಲೀ. ಇರುವ ಒಂದು ಎಳನೀರು ಎಂದರೆ 600 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚು. ಡಯಾಲಿಸಿಸ್ ರೋಗಿಗಳಿಗೆ ಸಾಮಾನ್ಯವಾಗಿ ಇಡೀ ದಿನಕ್ಕೆ ಹೇಳುವ ಮಿತಿಯೇ 2,000ರಿಂದ 3,000 ಮಿ.ಗ್ರಾಂ. ಅದರ ದೊಡ್ಡ ಪಾಲು ಒಂದೇ ಎಳನೀರಿನಲ್ಲಿ, ಅದೂ ದ್ರವರೂಪದಲ್ಲಿ ಬೇಗ ರಕ್ತಕ್ಕೆ ಸೇರುವಂತೆ ಬರುತ್ತದೆ. ಆರೋಗ್ಯವಂತರಿಗೆ ಎಳನೀರನ್ನು ಒಳ್ಳೆಯ ಪಾನೀಯ ಮಾಡುವ ಗುಣವೇ ಇವರಿಗೆ ಮುಳುವಾಗುತ್ತದೆ.

ಬಾಳೆಹಣ್ಣು, ಕಿತ್ತಳೆ, ಮೋಸಂಬಿ, ಸಪೋಟ, ಸೀಬೆ, ಖರ್ಜೂರ, ಒಣದ್ರಾಕ್ಷಿ, ಟೊಮೆಟೊ, ಆಲೂಗಡ್ಡೆ, ಸೊಪ್ಪುಗಳು, ಒಣಕೊಬ್ಬರಿ, ಹುಣಸೆಹಣ್ಣು, ಬೆಲ್ಲ ಇವುಗಳಲ್ಲೂ ಪೊಟ್ಯಾಸಿಯಂ ಹೆಚ್ಚು. ಸೇಬು ಮತ್ತು ಅನಾನಸ್‌ನಲ್ಲಿ ಕಡಿಮೆ. ಇವನ್ನು ದಿನಕ್ಕೆ ಒಂದು ಸಣ್ಣ ಪಾಲು ತಿನ್ನಲು ಹೆಚ್ಚಿನವರಿಗೆ ಅನುಮತಿ ಇರುತ್ತದೆ. ಉಪವಾಸದ ದಿನ 'ಏನೂ ತಿಂದಿಲ್ಲ, ಬರೀ ಹಣ್ಣು ಹಾಲು' ಎನ್ನುವವರು ಎಚ್ಚರ. ಏಕಾದಶಿಯ ಬಾಳೆಹಣ್ಣು, ರಂಜಾನಿನ ಖರ್ಜೂರ ಎರಡೂ ಒಂದೇ ಅಪಾಯದವು.

ಮಧುಮೇಹಿಗಳಿಗೆ ಸಕ್ಕರೆ ದಿಢೀರ್ ಇಳಿದಾಗ ಹಣ್ಣಿನ ರಸ ಕುಡಿಸುವ ರೂಢಿ ಇದೆ. ಡಯಾಲಿಸಿಸ್‌ನಲ್ಲಿರುವವರಿಗೆ ಅದರ ಬದಲು ಗ್ಲೂಕೋಸ್ ಅಥವಾ ಸಕ್ಕರೆ ಕೊಡುವುದು ಸುರಕ್ಷಿತ.

ಬಸ್ಸಾರಿನ ಪಲ್ಯ ತಿನ್ನಿ, ಸಾರು ಬಿಡಿ

ತರಕಾರಿಯ ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ಆದ್ದರಿಂದ ತರಕಾರಿಯನ್ನು ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಪೊಟ್ಯಾಸಿಯಂನ ಒಳ್ಳೆಯ ಪಾಲು ಹೊರಟುಹೋಗುತ್ತದೆ. ನೀರು ಚೆಲ್ಲದೆ ಕುಕ್ಕರಿನಲ್ಲಿ ಬೇಯಿಸಿದರೆ ಈ ಲಾಭ ಇಲ್ಲ.

ಹಳೆ ಮೈಸೂರು ಭಾಗದ ಮನೆಗಳಲ್ಲಿ ಬಸಿಯುವ ಪದ್ಧತಿ ಮೊದಲಿಂದಲೂ ಇದೆ. ಸೊಪ್ಪು ಕಾಳು ಬೇಯಿಸಿ, ನೀರು ಬಸಿದು, ಗಟ್ಟಿಯದನ್ನು ಪಲ್ಯ ಮಾಡಿ, ಬಸಿದ ನೀರಿನಲ್ಲಿ ಬಸ್ಸಾರು ಅಥವಾ ಉಪ್ಸಾರು ಮಾಡುತ್ತಾರೆ. ಸತ್ವವೆಲ್ಲ ಸಾರಿನಲ್ಲಿದೆ ಎಂದು ಹಿರಿಯರು ಹೇಳುವುದು ನಿಜ. ಪೊಟ್ಯಾಸಿಯಂ ಕೂಡ ಅಲ್ಲೇ ಇದೆ. ಡಯಾಲಿಸಿಸ್‌ನಲ್ಲಿರುವವರಿಗೆ ಪಲ್ಯ ಬಡಿಸಿ, ಸಾರು ಮನೆಯ ಉಳಿದವರಿಗಿರಲಿ. ಒಂದೇ ಅಡುಗೆಯಲ್ಲಿ ಎಲ್ಲರ ಊಟವೂ ಆಗುತ್ತದೆ.

ರಾಗಿಯ ಬಗ್ಗೆಯೂ ಕೇಳುತ್ತಾರೆ. ಅಕ್ಕಿಗೆ ಹೋಲಿಸಿದರೆ ರಾಗಿಯಲ್ಲಿ ಪೊಟ್ಯಾಸಿಯಂ ಮತ್ತು ಫಾಸ್ಫರಸ್ ಹೆಚ್ಚು. ಹಾಗೆಂದು ಮುದ್ದೆ ಉಂಡು ಬೆಳೆದವರು ಪೂರ್ತಿ ಬಿಡಲೇಬೇಕೆಂದಿಲ್ಲ. ರಕ್ತಪರೀಕ್ಷೆ ಏನು ಹೇಳುತ್ತದೆ ನೋಡಿ, ದಿನಕ್ಕೆ ಎಷ್ಟು ಎಂದು ವೈದ್ಯರಲ್ಲಿ ಕೇಳಿ. ಅಂಬಲಿ ಮಾಡಿದರೆ ಅದರ ನೀರೂ ಲೆಕ್ಕಕ್ಕೆ ಬರುತ್ತದೆ ಎಂಬುದು ನೆನಪಿರಲಿ.

ಒಂದು ಚೂರೂ ಬೇಡದ ಹಣ್ಣು

ಕರಾವಳಿ ಮಲೆನಾಡಿನ ಹಿತ್ತಲುಗಳಲ್ಲಿ ಬೆಳೆಯುವ ಧಾರೆಹುಳಿ, ಅಂದರೆ ಕಮರಾಕ್ಷಿ. ಅಡ್ಡ ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ಹಣ್ಣು. ಇದರಲ್ಲಿ ನರಮಂಡಲಕ್ಕೆ ವಿಷವಾಗುವ ಕ್ಯಾರಂಬಾಕ್ಸಿನ್ ಎಂಬ ಅಂಶವಿದೆ. ಬ್ರೆಜಿಲ್‌ನ ಸಂಶೋಧಕರು ಅದನ್ನು 2013ರಲ್ಲಿ ಗುರುತಿಸಿದರು. ಆರೋಗ್ಯವಂತರ ಕಿಡ್ನಿ ಇದನ್ನು ಹೊರಹಾಕಿಬಿಡುತ್ತದೆ. ಕಿಡ್ನಿ ಕೆಟ್ಟವರಲ್ಲಿ ಅದು ಮೆದುಳಿಗೆ ಹೋಗಿ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರುತ್ತದೆ. ಸಾವುಗಳೂ ವರದಿಯಾಗಿವೆ. ಡಯಾಲಿಸಿಸ್‌ನಲ್ಲಿರುವವರು ಇದನ್ನು ರುಚಿ ನೋಡಲೂ ಬಾರದು. ತಿಂದ ಮೇಲೆ ಬಿಕ್ಕಳಿಕೆ ಶುರುವಾದರೆ ತಕ್ಷಣ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಹೋಗಿ, ಹಣ್ಣು ತಿಂದದ್ದನ್ನು ಹೇಳಿ.

ಪ್ರೋಟೀನ್: ಹೆದರಿ ಬಿಟ್ಟರೆ ಅದೇ ನಷ್ಟ

ಇದುವರೆಗೆ ಹೇಳಿದ್ದೆಲ್ಲ ಕಡಿಮೆ ಮಾಡುವ ಮಾತು. ಪ್ರೋಟೀನ್ ವಿಷಯದಲ್ಲಿ ಮಾತ್ರ ಸಲಹೆ ಹೆಚ್ಚಿಸಿ ಎಂದು. ಎಷ್ಟೋ ಮನೆಗಳಲ್ಲಿ ತಪ್ಪುವುದೂ ಇಲ್ಲೇ. ಡಯಾಲಿಸಿಸ್‌ಗೆ ಮೊದಲು 'ಬೇಳೆ ಬೇಡ, ಮೊಟ್ಟೆ ಬೇಡ' ಎಂದು ವೈದ್ಯರು ಹೇಳಿದ್ದ ಪಥ್ಯವನ್ನೇ ಡಯಾಲಿಸಿಸ್ ಶುರುವಾದ ಮೇಲೂ ಮುಂದುವರಿಸುತ್ತಾರೆ.

ಡಯಾಲಿಸಿಸ್ ಕಸವನ್ನು ಮಾತ್ರ ತೆಗೆಯುವುದಿಲ್ಲ. ಪ್ರತಿ ಸಲವೂ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು ಹಲವು ಗ್ರಾಂ ಹೊರಟುಹೋಗುತ್ತವೆ. ನೀರಿನಲ್ಲಿ ಕರಗುವ ಬಿ ಗುಂಪಿನ ವಿಟಮಿನ್‌ಗಳೂ ಹೋಗುತ್ತವೆ. ಹಾಗಾಗಿ ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ.ಯವರಿಗೆ 60ರಿಂದ 72 ಗ್ರಾಂ. ಜೊತೆಗೆ ಸಾಕಷ್ಟು ಅನ್ನ, ಚಪಾತಿ, ಎಣ್ಣೆ ಕೂಡ ಬೇಕು. ಊಟದ ಶಕ್ತಿ ಸಾಲದಿದ್ದರೆ ದೇಹ ತಿಂದ ಪ್ರೋಟೀನನ್ನೇ ಇಂಧನವಾಗಿ ಸುಟ್ಟುಬಿಡುತ್ತದೆ.

ಎಲ್ಲಿಂದ ತರುವುದು? ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಅದರ ಬಿಳಿಭಾಗದಲ್ಲಿ ಮೂರೂವರೆ ಗ್ರಾಂ, ಫಾಸ್ಫರಸ್ ಅತ್ಯಲ್ಪ. ಅದಕ್ಕೇ ಡಯಾಲಿಸಿಸ್ ಕೇಂದ್ರಗಳಲ್ಲಿ ಮೊಟ್ಟೆಯ ಬಿಳಿಭಾಗಕ್ಕೆ ಮೊದಲ ಸ್ಥಾನ. ಬೇಯಿಸಿದ 100 ಗ್ರಾಂ ಕೋಳಿಮಾಂಸದಲ್ಲಿ ಸುಮಾರು 25 ಗ್ರಾಂ. ತಾಜಾ ಮೀನಿನಲ್ಲಿ 20 ಗ್ರಾಂ ಆಸುಪಾಸು. ಸಸ್ಯಾಹಾರಿಗಳಿಗೆ 50 ಗ್ರಾಂ ಬೇಳೆಯಲ್ಲಿ 11 ಗ್ರಾಂ, 25 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 13 ಗ್ರಾಂ, 50 ಗ್ರಾಂ ಪನೀರಿನಲ್ಲಿ 9 ಗ್ರಾಂ, 200 ಗ್ರಾಂ ಮೊಸರಿನಲ್ಲಿ 6 ಗ್ರಾಂ, ದಿನಕ್ಕೆ 250 ಗ್ರಾಂ ಅಕ್ಕಿ ಗೋಧಿಯಿಂದ 18 ಗ್ರಾಂನಷ್ಟು. ಎಲ್ಲ ಸೇರಿ 57 ಗ್ರಾಂ. ಅಂದರೆ ಸಸ್ಯಾಹಾರಿಗಳು ಪ್ರಯತ್ನಪಟ್ಟು ತಿಂದರೆ ಮಾತ್ರ ಗುರಿಯ ಹತ್ತಿರ ಬರುತ್ತಾರೆ. ಬೇಳೆ ಬಿಟ್ಟರೆ ಸಾಧ್ಯವೇ ಇಲ್ಲ. ಬೇಳೆ, ಸೋಯಾ, ಪನೀರಿನಲ್ಲಿ ಪೊಟ್ಯಾಸಿಯಂ ಅಥವಾ ಫಾಸ್ಫರಸ್ ಕೂಡ ಇರುವುದರಿಂದ ಪ್ರಮಾಣವನ್ನು ವೈದ್ಯರ ಜೊತೆ ಹೊಂದಿಸಿಕೊಳ್ಳಿ. ಪ್ರೋಟೀನ್ ಪುಡಿಯನ್ನೂ ಕೇಳದೆ ಕೊಳ್ಳಬೇಡಿ.

ಇಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ಅಪಾಯವಿದೆ. ಸರಿಯಾಗಿ ಊಟ ಸೇರದೆ ಮಾಂಸಖಂಡ ಕರಗುತ್ತಿದ್ದರೂ ಆ ಜಾಗದಲ್ಲಿ ನೀರು ತುಂಬಿಕೊಂಡು ತೂಕ ಮಾತ್ರ ಹಾಗೇ ಇರುತ್ತದೆ. ತೂಕ ಸರಿಯಿದೆ ಎಂದು ಎಲ್ಲರೂ ನಿಶ್ಚಿಂತರಾಗಿರುತ್ತಾರೆ. ಬಟ್ಟೆ ಸಡಿಲವಾಗುವುದು, ತೋಳು ತೆಳುವಾಗುವುದು, ಹಿಡಿತದ ಬಲ ಕುಗ್ಗುವುದು, ಬಿಪಿ ಏರುವುದು, ರಕ್ತಪರೀಕ್ಷೆಯಲ್ಲಿ ಅಲ್ಬುಮಿನ್ ಇಳಿಯುವುದು ಕಂಡರೆ ಡ್ರೈ ವೇಟ್ ಹೊಸದಾಗಿ ನಿಗದಿ ಮಾಡಬೇಕೇ ಎಂದು ಕೇಳಿ. ಡಯಾಲಿಸಿಸ್‌ನಲ್ಲಿರುವವರಲ್ಲಿ ಅಪೌಷ್ಟಿಕತೆ ಇದ್ದರೆ ಸೋಂಕು ಮತ್ತು ಸಾವಿನ ಅಪಾಯ ಹೆಚ್ಚು.

ಫಾಸ್ಫರಸ್ ಮಾತ್ರೆ ಊಟದ ಜೊತೆಯೇ ಏಕೆ?

ಫಾಸ್ಫರಸ್ ಹೆಚ್ಚಾದರೆ ಮೈಯೆಲ್ಲ ತುರಿಕೆ ಬರಬಹುದು. ವರ್ಷಗಳು ಕಳೆದಂತೆ ಮೂಳೆ ಟೊಳ್ಳಾಗಿ, ರಕ್ತನಾಳಗಳು ಗಟ್ಟಿಯಾಗುತ್ತವೆ. ಕಾಳು ಬೇಳೆಗಳ ಫಾಸ್ಫರಸ್‌ನಲ್ಲಿ ಅರ್ಧದಷ್ಟು ಮಾತ್ರ ದೇಹಕ್ಕೆ ಹೀರಿಕೆಯಾಗುತ್ತದೆ. ಕಪ್ಪು ಬಣ್ಣದ ಕೋಲಾ ಪಾನೀಯ, ಸಂಸ್ಕರಿಸಿದ ಮಾಂಸ, ಪ್ಯಾಕೆಟ್ ಚೀಸ್‌ಗಳಿಗೆ ಸೇರಿಸುವ ಫಾಸ್ಫೇಟ್ ಬಹುತೇಕ ಪೂರ್ತಿ ಹೀರಿಕೆಯಾಗುತ್ತದೆ. ಮೊದಲು ಬಿಡಬೇಕಾದದ್ದು ಇವನ್ನೇ.

ವೈದ್ಯರು ಕೊಡುವ ಕ್ಯಾಲ್ಸಿಯಂ ಅಸಿಟೇಟ್ ಅಥವಾ ಸೆವೆಲಮರ್ ಮಾತ್ರೆ ಊಟದಲ್ಲಿನ ಫಾಸ್ಫರಸನ್ನು ಹೊಟ್ಟೆಯಲ್ಲೇ ಹಿಡಿದು ಮಲದ ಮೂಲಕ ಹೊರಹಾಕುತ್ತದೆ. ಊಟವಾದ ಎರಡು ಗಂಟೆಯ ನಂತರ ನುಂಗಿದರೆ ಹಿಡಿಯಲು ಅಲ್ಲಿ ಫಾಸ್ಫರಸ್ ಇರುವುದಿಲ್ಲ. ಆದ್ದರಿಂದ ಊಟದ ಜೊತೆಯೇ ತೆಗೆದುಕೊಳ್ಳಬೇಕು.

ಫಾರ್ವರ್ಡ್‌ಗಳಲ್ಲಿ ಬರುವ ಮಾತು, ನಿಜ ಸಂಗತಿ

ಸೈಂಧವ ಲವಣ ಕಿಡ್ನಿಗೆ ಒಳ್ಳೆಯದು? ಇಲ್ಲ. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ. ನೀರು ಹಿಡಿದಿಡುವುದರಲ್ಲಿ ಸಾದಾ ಉಪ್ಪಿಗೂ ಇದಕ್ಕೂ ವ್ಯತ್ಯಾಸವಿಲ್ಲ.

'ಲೋ ಸೋಡಿಯಂ' ಉಪ್ಪು ಬಳಸಬಹುದು? ಬೇಡ, ಇದು ಇನ್ನೂ ಅಪಾಯಕಾರಿ. ಇದರಲ್ಲಿ ಸೋಡಿಯಂನ ಒಂದು ಭಾಗದ ಬದಲು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಇಂಥ ಉಪ್ಪನ್ನು ಸಾಮಾನ್ಯ ವಯಸ್ಕರಿಗೆ ಸೂಚಿಸಿದಾಗಲೂ ಕಿಡ್ನಿ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿತು. ಪ್ಯಾಕೆಟ್ ಹಿಂದಿನ ವಿವರ ಓದಿ ಕೊಳ್ಳಿ.

ಕೊತ್ತಂಬರಿ ನೀರು, ಬಾಳೆದಿಂಡಿನ ರಸ ಕಿಡ್ನಿಯನ್ನು ತೊಳೆಯುತ್ತದೆ? ಕಿಡ್ನಿ ತೊಳೆದು ಶುದ್ಧ ಮಾಡುವ ಪಾತ್ರೆಯಲ್ಲ. ಸೋಸುವ ಸೂಕ್ಷ್ಮ ಗಂಟುಗಳು ಒಮ್ಮೆ ಗಾಯದ ಕಲೆಯಂತೆ ಗಟ್ಟಿಯಾದರೆ ಯಾವ ರಸವೂ ಅವನ್ನು ಮತ್ತೆ ತರುವುದಿಲ್ಲ. ಡಯಾಲಿಸಿಸ್ ರೋಗಿಗೆ ಈ ರಸಗಳಿಂದ ಸಿಗುವುದು ಬೇಡದ ನೀರು, ಬೇಡದ ಪೊಟ್ಯಾಸಿಯಂ.

ಮೂತ್ರ ಬರುತ್ತಿದ್ದರೆ ಡಯಾಲಿಸಿಸ್ ಬಿಡಬಹುದು? ಮೂತ್ರದಲ್ಲಿ ನೀರು ಹೋದರೂ ಕಸ ಹೋಗದೇ ಇರಬಹುದು. ಹಾವು ಕಡಿತ, ತೀವ್ರ ಸೋಂಕಿನಂಥ ಕಾರಣಕ್ಕೆ ದಿಢೀರನೆ ಕೆಟ್ಟ ಕಿಡ್ನಿ ಕೆಲವರಲ್ಲಿ ಚೇತರಿಸಿಕೊಳ್ಳುತ್ತದೆ. ಅದನ್ನು ರಕ್ತಪರೀಕ್ಷೆ ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

ಡಯಾಲಿಸಿಸ್ ದಿನ ಏನು ಬೇಕಾದರೂ ತಿನ್ನಬಹುದು? ಕೆಲವು ಕೇಂದ್ರಗಳಲ್ಲಿ ಯಂತ್ರ ಓಡುವ ಆರಂಭದ ಹೊತ್ತಿನಲ್ಲಿ ಸ್ವಲ್ಪ ಸಡಿಲಿಕೆ ಕೊಡುತ್ತಾರೆ. ಅದು ಅಲ್ಲಿನ ಸಿಬ್ಬಂದಿ ಹೇಳಿದಷ್ಟಕ್ಕೆ ಮಾತ್ರ. ಮುಗಿಸಿ ಮನೆಗೆ ಬಂದ ಮೇಲೆ ತಿಂದದ್ದು ಮುಂದಿನ ಸರದಿಯವರೆಗೆ ಒಳಗೇ ಇರುತ್ತದೆ.

ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್‌ಗೂ ಇದೇ ನಿಯಮವೇ? ಪೂರ್ತಿ ಅಲ್ಲ. ಅದು ದಿನವೂ ನಡೆಯುವುದರಿಂದ ಪೊಟ್ಯಾಸಿಯಂ ನಿರ್ಬಂಧ ಸಾಮಾನ್ಯವಾಗಿ ಸಡಿಲ. ಆದರೆ ಪ್ರೋಟೀನ್ ದಿನವೂ ಹೊರಹೋಗುತ್ತದೆ, ಮತ್ತು ದ್ರಾವಣದ ಗ್ಲೂಕೋಸ್ ದೇಹಕ್ಕೆ ಸೇರುತ್ತದೆ. ಅವರ ಪಥ್ಯ ಬೇರೆಯೇ.

ಕಾಯಬಾರದ ಲಕ್ಷಣಗಳು

ಕೆಳಗಿನ ಯಾವುದೇ ಲಕ್ಷಣ ಕಂಡರೆ, ಮುಂದಿನ ಸರದಿ ನಾಳೆಯೇ ಇದ್ದರೂ ಕಾಯದೆ ಆಸ್ಪತ್ರೆಗೆ ಹೋಗಿ:

- ಮಲಗಿದರೆ ಉಸಿರು ಕಟ್ಟುವುದು, ಎದ್ದು ಕೂತರೆ ಮಾತ್ರ ಸಮಾಧಾನ ಸಿಗುವುದು
- ಕೈಕಾಲು ದಿಢೀರನೆ ಸೋಲುವುದು, ಎದೆಬಡಿತ ತಪ್ಪುವುದು ಅಥವಾ ತೀರಾ ನಿಧಾನವಾಗುವುದು
- ಎದೆನೋವು, ಪ್ರಜ್ಞೆ ತಪ್ಪುವುದು, ಗೊಂದಲ, ಫಿಟ್ಸ್
- ಸರದಿ ತಪ್ಪಿದ ಮೇಲೆ ಊತ, ವಾಂತಿ ಅಥವಾ ತೀವ್ರ ಸುಸ್ತು

ಕೇಂದ್ರ ಸರ್ಕಾರ 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಪ್ರಕಟಿಸಿತು. ಕರ್ನಾಟಕದಲ್ಲಿ ಜಿಲ್ಲಾ ಆಸ್ಪತ್ರೆಗಳ ಜೊತೆಗೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ನಡೆಯುತ್ತದೆ. ಯಂತ್ರ ಹತ್ತಿರ ಬಂದರೂ ಊಟದ ಬಗ್ಗೆ ಕೂತು ವಿವರಿಸುವವರು ಎಲ್ಲ ಕಡೆ ಸಿಗುವುದಿಲ್ಲ. ಆದ್ದರಿಂದ ನೀವೇ ಕೇಳಿ. ಪ್ರತಿ ತಿಂಗಳ ರಕ್ತಪರೀಕ್ಷೆಯ ಚೀಟಿ ಬಂದಾಗ ನಾಲ್ಕು ಪ್ರಶ್ನೆ ಸಾಕು: ನನ್ನ ಪೊಟ್ಯಾಸಿಯಂ ಎಷ್ಟಿದೆ? ಫಾಸ್ಫರಸ್ ಎಷ್ಟಿದೆ? ಅಲ್ಬುಮಿನ್ ಎಷ್ಟಿದೆ? ನನ್ನ ಡ್ರೈ ವೇಟ್ ಈಗ ಎಷ್ಟು, ದಿನಕ್ಕೆ ನೀರು ಎಷ್ಟು?

ಮುಂದಿನ ಸಲ 'ಕಿಡ್ನಿಗೆ ಒಳ್ಳೆಯದು' ಎಂಬ ಸಂದೇಶ ಬಂದಾಗ ಅದನ್ನು ಮುಂದೆ ಕಳುಹಿಸುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಇದು ಕಲ್ಲಿನವರಿಗೋ, ಡಯಾಲಿಸಿಸ್‌ನವರಿಗೋ? ಸಂದೇಶದಲ್ಲಿ ಅದಕ್ಕೆ ಉತ್ತರ ಇಲ್ಲದಿದ್ದರೆ ಕಳುಹಿಸಬೇಡಿ. ಡಯಾಲಿಸಿಸ್‌ನಲ್ಲಿರುವ ಬಂಧುಗಳನ್ನು ನೋಡಲು ಹೋಗುವಾಗ ಎಳನೀರಿನ ಬದಲು ಎರಡು ಸೇಬು ಅಥವಾ ಅರ್ಧ ಡಜನ್ ಮೊಟ್ಟೆ ಕೊಂಡುಹೋಗಿ.